ನಾಡಿ ಸಿಗದ ಕೈ ಮತ್ತು ಅರಿವಳಿಕೆಯ ಎಚ್ಚರ: ತಕಾಯಾಸು ಕಾಯಿಲೆ ಕುರಿತ ಅಧ್ಯಯನ ಪಾಠ

(ಗ್ರಾಮ ಪಂಚಾಯತಿಯ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ಶಸ್ತ್ರಚಿಕಿತ್ಸೆ ಎಂದೊಡನೆ ನಮ್ಮೆಲ್ಲರ ಗಮನ ಶಸ್ತ್ರವೈದ್ಯರ ಕಡೆಗೆ ಹೋಗುತ್ತದೆ. ಆದರೆ ರೋಗಿಗೆ ನೋವು ತಿಳಿಯದಂತೆ ಮಾಡಿ, ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಅವರ ಉಸಿರಾಟ, ಹೃದಯದ ಬಡಿತ ಹಾಗೂ ರಕ್ತದೊತ್ತಡವನ್ನು ಕಾಯುವವರು ಅರಿವಳಿಕೆ ತಜ್ಞರು. ರಕ್ತದೊತ್ತಡದ ಅಳತೆಯೇ ಅವರಿಗೆ ಮುಖ್ಯ ದಾರಿದೀಪ. ಆ ಅಳತೆಯೇ ತಪ್ಪಾದರೆ ಕೊಡುವ ಔಷಧವೂ ತಪ್ಪಾಗುವ ಸಂಭವವಿದೆ.

ರಕ್ತದೊತ್ತಡದ ಅಳತೆ ದಾರಿತಪ್ಪಿಸುವಂತಹ ಕೆಲವು ಅಪರೂಪದ ರಕ್ತನಾಳ ಕಾಯಿಲೆಗಳಿವೆ. ಅವುಗಳಲ್ಲಿ ಒಂದಾದ ತಕಾಯಾಸು ಕಾಯಿಲೆಯನ್ನು ಈ ಪಾಠಕ್ಕೆ ಆಯ್ದುಕೊಳ್ಳಲಾಗಿದೆ. ಇದಕ್ಕೆ ಎರಡು ಕಾರಣಗಳಿವೆ. ಈ ಕಾಯಿಲೆಯು ಭಾರತವೂ ಸೇರಿದಂತೆ ಏಷ್ಯಾದ ದೇಶಗಳಲ್ಲಿ ತುಲನಾತ್ಮಕವಾಗಿ ಹೆಚ್ಚು ಕಂಡುಬರುತ್ತದೆ. ಮತ್ತು ಬಹುತೇಕ ಹೆರಿಗೆಯ ವಯಸ್ಸಿನ ಮಹಿಳೆಯರನ್ನೇ ಬಾಧಿಸುತ್ತದೆ. ಅಂದರೆ, ಇಂತಹ ಮಹಿಳೆಗೆ ಅರಿವಳಿಕೆ ಬೇಕಾಗುವ ಮೊದಲ ಸಂದರ್ಭವು ಬಹುಮಟ್ಟಿಗೆ ಹೆರಿಗೆಯೇ ಆಗಿರಬಹುದು.

ಅರಿವಳಿಕೆ ನೀಡುವುದು ತಜ್ಞರ ಕೆಲಸ. ಆದರೆ ಆ ತಜ್ಞರಿಗೆ ಬೇಕಾದ ಮಾಹಿತಿ ಹುಟ್ಟುವುದು ಹಳ್ಳಿಯಲ್ಲಿ. ಆಶಾ ಕಾರ್ಯಕರ್ತೆಯ ಭೇಟಿಯಲ್ಲಿ, ಉಪಕೇಂದ್ರದ ಬಿ.ಪಿ. ಯಂತ್ರದಲ್ಲಿ, ತಾಯಿ ಕಾರ್ಡಿನ ಪುಟದಲ್ಲಿ. ಆ ಮಾಹಿತಿಯು ಸರಿಯಾಗಿ ದಾಖಲಾಗಿ, ರೋಗಿಯ ಜೊತೆಯಲ್ಲೇ ಆಸ್ಪತ್ರೆಗೆ ತಲುಪುವಂತೆ ನೋಡಿಕೊಳ್ಳುವುದರಲ್ಲಿ ಗ್ರಾಮ ಪಂಚಾಯತಿಯ ಪಾಲಿದೆ. ಇದನ್ನು ಮನದಟ್ಟು ಮಾಡುವುದೇ ಈ ಪಾಠದ ಉದ್ದೇಶ.

1. ಕಾಯಿಲೆಯ ಪರಿಚಯ

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಅದರಿಂದ ಕವಲೊಡೆಯುವ ಅಪಧಮನಿಗಳು ಮೆದುಳು, ಕೈಗಳು, ಮೂತ್ರಪಿಂಡಗಳು, ಗರ್ಭಕೋಶ ಹಾಗೂ ಕಾಲುಗಳಿಗೆ ರಕ್ತವನ್ನು ಒಯ್ಯುತ್ತವೆ. ತಕಾಯಾಸು ಕಾಯಿಲೆಯಲ್ಲಿ ಈ ದೊಡ್ಡ ನಾಳಗಳ ಗೋಡೆಯಲ್ಲಿ ಉರಿಯೂತ ಉಂಟಾಗುತ್ತದೆ. ಕಾಲಕ್ರಮೇಣ ಗೋಡೆ ದಪ್ಪವಾಗಿ ನಾಳ ಕಿರಿದಾಗುತ್ತದೆ. ಕೆಲವೆಡೆ ಪೂರ್ತಿ ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಉಬ್ಬಿಕೊಳ್ಳುವುದೂ ಉಂಟು. ಕೈಗೆ ಹೋಗುವ ನಾಳ ಕಿರಿದಾದಾಗ ಮಣಿಕಟ್ಟಿನಲ್ಲಿ ನಾಡಿ ಕ್ಷೀಣವಾಗುತ್ತದೆ ಅಥವಾ ಸಿಗುವುದೇ ಇಲ್ಲ. ಆದ್ದರಿಂದ ಇದಕ್ಕೆ 'ನಾಡಿರಹಿತ ಕಾಯಿಲೆ' ಎಂಬ ಹೆಸರೂ ಇದೆ.

1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ತಕಾಯಾಸು ಅವರು ಯುವತಿಯೊಬ್ಬರ ಕಣ್ಣಿನ ಒಳಪರದೆಯ ರಕ್ತನಾಳಗಳಲ್ಲಿ ಕಂಡ ಅಸಹಜ ಬದಲಾವಣೆಗಳನ್ನು ವರದಿ ಮಾಡಿದರು. ಅಂತಹುದೇ ರೋಗಿಗಳ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲವೆಂಬುದನ್ನು ಜಪಾನಿನ ಇತರ ವೈದ್ಯರು ಗಮನಕ್ಕೆ ತಂದರು. ಕಾಯಿಲೆಗೆ ಅವರ ಹೆಸರೇ ಉಳಿಯಿತು.

ಈ ಕಾಯಿಲೆಯು ಸಾಮಾನ್ಯವಾಗಿ 40 ವರ್ಷದೊಳಗೆ ಆರಂಭವಾಗುತ್ತದೆ. ಮೊದಲ ಹಂತದಲ್ಲಿ ಸಣ್ಣ ಜ್ವರ, ಆಯಾಸ, ತೂಕ ಇಳಿಕೆ, ಕೀಲುನೋವು ಮುಂತಾದ ಸಾಮಾನ್ಯ ಲಕ್ಷಣಗಳಷ್ಟೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ನಂತರದ ಹಂತದಲ್ಲಿ ಈ ಕೆಳಗಿನ ಲಕ್ಷಣಗಳು ಕಾಣಬಹುದು:

(ಅ) ಬಟ್ಟೆ ಒಗೆಯುವಾಗ, ನೀರು ಸೇದುವಾಗ, ತಲೆ ಬಾಚುವಾಗ ಕೈ ಬೇಗನೆ ಸೋತುಬರುವುದು, ನೋಯುವುದು.
(ಆ) ತಲೆಸುತ್ತು, ಕಣ್ಣು ಮಂಜಾಗುವುದು, ಪ್ರಜ್ಞೆ ತಪ್ಪುವುದು.
(ಇ) ಚಿಕ್ಕ ವಯಸ್ಸಿನಲ್ಲೇ ಅಧಿಕ ರಕ್ತದೊತ್ತಡ.
(ಈ) ಎರಡು ಕೈಗಳ ನಾಡಿಯಲ್ಲಿ ಅಥವಾ ರಕ್ತದೊತ್ತಡದಲ್ಲಿ ಎದ್ದು ಕಾಣುವ ವ್ಯತ್ಯಾಸ.

ಕಾಯಿಲೆಯ ನಿಖರ ಕಾರಣ ಇನ್ನೂ ಪತ್ತೆಯಾಗಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ರಕ್ತನಾಳಗಳ ಮೇಲೆ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆಂದು ವೈದ್ಯಶಾಸ್ತ್ರ ಭಾವಿಸುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ.

2. ಬಿ.ಪಿ. ಯಂತ್ರ ಎಲ್ಲಿ ದಾರಿತಪ್ಪಿಸುತ್ತದೆ

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವಾಗ ನಾವು ಅಳೆಯುವುದು ಆ ತೋಳಿನ ನಾಳದೊಳಗಿನ ಒತ್ತಡವನ್ನು ಮಾತ್ರ. ಆರೋಗ್ಯವಂತರಲ್ಲಿ ಅದು ಮಹಾಪಧಮನಿಯ ಒತ್ತಡಕ್ಕೆ ಹತ್ತಿರವಾಗಿರುವುದರಿಂದ ತೊಂದರೆಯಿಲ್ಲ. ಆದರೆ ತೋಳಿನ ನಾಳ ಕಿರಿದಾಗಿದ್ದರೆ, ಕಾಲುವೆಯ ತೂಬಿನಲ್ಲಿ ಹೂಳು ತುಂಬಿದಾಗ ಕೊನೆಯ ಗದ್ದೆಗೆ ನೀರು ತಲುಪದಂತೆ, ತೋಳಿಗೆ ಕಡಿಮೆ ಒತ್ತಡವಷ್ಟೇ ತಲುಪುತ್ತದೆ. ಕೊನೆಯ ಗದ್ದೆಯಲ್ಲಿ ನೀರಿಲ್ಲವೆಂದು ಕೆರೆಯೇ ಬರಿದಾಗಿದೆ ಎನ್ನಲಾಗದು.

ಇದರಿಂದ ಆಗುವ ಅಪಾಯವನ್ನು ಎರಡು ಕಲ್ಪಿತ ಉದಾಹರಣೆಗಳಿಂದ ತಿಳಿಯೋಣ.

ಮೊದಲನೆಯ ಉದಾಹರಣೆ: ಗರ್ಭಿಣಿಯೊಬ್ಬರನ್ನು ರಾತ್ರಿಯ ವೇಳೆ ತುರ್ತು ಸಿಸೇರಿಯನ್‌ಗಾಗಿ ಆಸ್ಪತ್ರೆಗೆ ತರಲಾಗಿದೆ. ಬಲತೋಳಿನಲ್ಲಿ ಬಿ.ಪಿ. 90/60 ಎಂದು ಬರುತ್ತದೆ. ಎಡತೋಳಿನಲ್ಲಿ ಯಂತ್ರ 'ಎರರ್' ಎಂದು ತೋರಿಸುತ್ತದೆ. ವಾಸ್ತವದಲ್ಲಿ ಅವರ ಎರಡೂ ತೋಳುಗಳ ನಾಳಗಳು ಕಿರಿದಾಗಿದ್ದು, ಮಹಾಪಧಮನಿಯಲ್ಲಿ ಒತ್ತಡ 190ರಷ್ಟಿದೆ. ಹಿನ್ನೆಲೆ ತಿಳಿಯದ ವೈದ್ಯರು 'ಬಿ.ಪಿ. ಕುಸಿದಿದೆ' ಎಂದು ಒತ್ತಡ ಏರಿಸುವ ಔಷಧ ಕೊಟ್ಟರೆ, ಮೊದಲೇ ಏರಿರುವ ಒತ್ತಡ ಇನ್ನಷ್ಟು ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು ಅಥವಾ ಹೃದಯ ಸೋಲಬಹುದು.

ಎರಡನೆಯ ಉದಾಹರಣೆ: ಮತ್ತೊಬ್ಬ ಮಹಿಳೆಯಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿಯೇ ಕಿರಿದಾಗಿದೆ. ಭಾರತದ ರೋಗಿಗಳಲ್ಲಿ ಹೊಟ್ಟೆಯ ಮಹಾಪಧಮನಿ ಹಾಗೂ ಮೂತ್ರಪಿಂಡದ ನಾಳಗಳು ತೊಂದರೆಗೊಳಗಾಗುವುದು ಹೆಚ್ಚು. ಇವರ ತೋಳಿನಲ್ಲಿ 180 ಇದ್ದರೂ ಮೂತ್ರಪಿಂಡ, ಗರ್ಭಕೋಶ ಹಾಗೂ ಕಾಲುಗಳಿಗೆ ತಲುಪುವ ಒತ್ತಡ ಕಡಿಮೆ. ತೋಳಿನ ಅಂಕಿಯನ್ನು ಒಮ್ಮೆಲೇ 120ಕ್ಕೆ ಇಳಿಸಿದರೆ ಗರ್ಭಸ್ಥ ಶಿಶುವಿಗೂ ತಾಯಿಯ ಮೂತ್ರಪಿಂಡಗಳಿಗೂ ರಕ್ತ ಸಾಲದೆ ಹೋಗಬಹುದು.

ಆದುದರಿಂದ 'ಕಾಲಿನಲ್ಲಿ ನೋಡಿದರೆ ಸಾಕು' ಎಂಬ ಒಂದೇ ಸೂತ್ರ ಎಲ್ಲರಿಗೂ ಅನ್ವಯಿಸದು. ಯಾವ ಕೈ ಅಥವಾ ಯಾವ ಕಾಲಿನ ಅಳತೆ ನಂಬಲರ್ಹ ಎಂಬುದನ್ನು ನಾಲ್ಕೂ ಅಂಗಗಳ ಬಿ.ಪಿ. ನೋಡಿ, ರಕ್ತನಾಳಗಳ ಸಿ.ಟಿ. ಅಥವಾ ಎಂ.ಆರ್. ಚಿತ್ರಣ ಪರಿಶೀಲಿಸಿ ತಜ್ಞರು ನಿರ್ಧರಿಸಬೇಕು. ಒಮ್ಮೆ ನಿರ್ಧಾರವಾದ ಮೇಲೆ ಆ ಒಂದು ಸಾಲಿನ ಮಾಹಿತಿಯೇ ಮುಂದೆ ಜೀವ ಉಳಿಸುವ ಮಾಹಿತಿಯಾಗುತ್ತದೆ.

3. ಅರಿವಳಿಕೆಯಿಂದ ದೇಹದಲ್ಲಿ ಆಗುವ ಬದಲಾವಣೆ

ಅರಿವಳಿಕೆಯಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಪೂರ್ಣ ಅರಿವಳಿಕೆಯಲ್ಲಿ ರೋಗಿಯನ್ನು ನಿದ್ರಾಸ್ಥಿತಿಗೆ ತಂದು, ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರಾಟ ನಡೆಸಲಾಗುತ್ತದೆ. ಭಾಗಶಃ ಅರಿವಳಿಕೆಯಲ್ಲಿ ಬೆನ್ನಿಗೆ ಚುಚ್ಚುಮದ್ದು ನೀಡಿ, ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸಲಾಗುತ್ತದೆ, ರೋಗಿಗೆ ಎಚ್ಚರವಿರುತ್ತದೆ.

ಬೆನ್ನಿನ ಚುಚ್ಚುಮದ್ದಿನಲ್ಲಿಯೂ ಎರಡು ಬಗೆಗಳಿವೆ. ಸ್ಪೈನಲ್ ವಿಧಾನದಲ್ಲಿ ಕೆಲವೇ ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ. ರಕ್ತದೊತ್ತಡವೂ ಅಷ್ಟೇ ಬೇಗ ಕುಸಿಯಬಹುದು. ಎಪಿಡ್ಯೂರಲ್ ವಿಧಾನದಲ್ಲಿ ಸಣ್ಣ ನಳಿಕೆಯ ಮೂಲಕ ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದರಿಂದ ಒತ್ತಡ ನಿಧಾನವಾಗಿ ಇಳಿಯುತ್ತದೆ. ಸರಿಪಡಿಸಲು ಕಾಲಾವಕಾಶ ಸಿಗುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಕೊಳವೆ ಹಾಕುವ ಕ್ಷಣದಲ್ಲಿ ಒತ್ತಡ ಥಟ್ಟನೆ ಏರಿ, ಬಳಿಕ ಔಷಧಗಳ ಪ್ರಭಾವದಿಂದ ಇಳಿಯುವುದುಂಟು.

ಸಾಮಾನ್ಯ ರೋಗಿಯ ರಕ್ತನಾಳಗಳು ಈ ಏರಿಳಿತವನ್ನು ತಾಳಿಕೊಳ್ಳುತ್ತವೆ. ತಕಾಯಾಸು ಕಾಯಿಲೆಯವರಲ್ಲಿ ನಾಳಗಳು ಕಿರಿದಾಗಿ ಗಡುಸಾಗಿರುವುದರಿಂದ, ಒತ್ತಡ ಇಳಿದರೆ ಮೆದುಳು, ಹೃದಯ, ಮೂತ್ರಪಿಂಡಗಳಿಗೆ ರಕ್ತ ಸಾಲುವುದಿಲ್ಲ. ಏರಿದರೆ ರಕ್ತಸ್ರಾವದ ಭಯ. ಎರಡರ ನಡುವಿನ ಸುರಕ್ಷಿತ ಅಂತರ ಇವರಲ್ಲಿ ಬಹಳ ಕಿರಿದು.

4. ಅರಿವಳಿಕೆ ತಜ್ಞರು ವಹಿಸುವ ಎಚ್ಚರಿಕೆಗಳು

ಶಸ್ತ್ರಚಿಕಿತ್ಸೆಗೆ ಮುನ್ನ: ತುರ್ತು ಇಲ್ಲದ ಶಸ್ತ್ರಚಿಕಿತ್ಸೆಯನ್ನು ಉರಿಯೂತ ಹತೋಟಿಗೆ ಬಂದ ಮೇಲೆ ಕೈಗೊಳ್ಳುವುದು ಲೇಸು. ಹೃದಯದ ಎಕೋ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ, ಕುತ್ತಿಗೆಯ ನಾಳಗಳ ತಪಾಸಣೆ ಮಾಡಲಾಗುತ್ತದೆ. ಕತ್ತನ್ನು ಹಿಂದಕ್ಕೆ ಬಾಗಿಸಿದಾಗ ತಲೆಸುತ್ತು ಬರುವುದೇ ಎಂದು ವಿಚಾರಿಸಲಾಗುತ್ತದೆ. ಕೊಳವೆ ಹಾಕುವಾಗ ಕತ್ತನ್ನು ಅತಿಯಾಗಿ ಬಾಗಿಸಿದರೆ ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗಬಹುದೆಂಬುದೇ ಈ ಪ್ರಶ್ನೆಗೆ ಕಾರಣ.

ಔಷಧಗಳ ಬಗ್ಗೆ: ಈ ಕಾಯಿಲೆಗೆ ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ಕೊಡಲಾಗುತ್ತದೆ. ಅದನ್ನು ರೋಗಿ ತಾನಾಗಿ ನಿಲ್ಲಿಸಿದರೆ, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತಜ್ಞರಿಗೆ ವಿಷಯ ತಿಳಿದಿದ್ದರೆ ಅಗತ್ಯವಿದ್ದಷ್ಟು ಸ್ಟಿರಾಯ್ಡನ್ನು ಚುಚ್ಚುಮದ್ದಿನ ಮೂಲಕ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುತ್ತಿದ್ದರೆ ಬೆನ್ನಿನ ಚುಚ್ಚುಮದ್ದಿಗೆ ಕಾಲದ ಅಂತರ ಬೇಕು. ಕ್ಲೋಪಿಡೋಗ್ರೆಲ್ ಮಾತ್ರೆಯಾದರೆ ಸಾಮಾನ್ಯವಾಗಿ 5ರಿಂದ 7 ದಿನ. ಹೆಪಾರಿನ್ ಗುಂಪಿನ ಕೆಲವು ಚುಚ್ಚುಮದ್ದುಗಳಾದರೆ ಪ್ರಮಾಣಕ್ಕೆ ತಕ್ಕಂತೆ 12ರಿಂದ 24 ಗಂಟೆ. ಆದುದರಿಂದ ಯಾವ ಔಷಧ ಎಂಬುದರ ಜೊತೆಗೆ, ಕೊನೆಯ ಬಾರಿ ಯಾವಾಗ ತೆಗೆದುಕೊಂಡಿದ್ದು ಎಂಬುದೂ ಮುಖ್ಯ.

ಶಸ್ತ್ರಚಿಕಿತ್ಸೆಯ ವೇಳೆ: ಯಾವ ಅಂಗದ ಅಳತೆ ನಂಬಲರ್ಹವೋ ಅಲ್ಲಿಯೇ ಬಿ.ಪಿ. ನೋಡಲಾಗುತ್ತದೆ. ಅಗತ್ಯವಿದ್ದರೆ ಅಪಧಮನಿಯೊಳಗೆ ಸಣ್ಣ ನಳಿಕೆಯಿರಿಸಿ ಕ್ಷಣಕ್ಷಣದ ಒತ್ತಡ ಗಮನಿಸಲಾಗುತ್ತದೆ. ರೋಗಿ ಎಚ್ಚರವಾಗಿರುವ ವಿಧಾನದಲ್ಲಿ ಅವರೊಡನೆ ಮಾತನಾಡುತ್ತಲೇ ಮೆದುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಯಬಹುದು. ಹಲವು ಸಂದರ್ಭಗಳಲ್ಲಿ ಎಪಿಡ್ಯೂರಲ್ ವಿಧಾನಕ್ಕೆ ಆದ್ಯತೆ ನೀಡಲು ಇವೇ ಕಾರಣಗಳು. ಅಂತಿಮ ಆಯ್ಕೆ ರೋಗಿಯ ಸ್ಥಿತಿ ನೋಡಿ ತಜ್ಞರು ಮಾಡುವಂತಹುದು.

ಶಸ್ತ್ರಚಿಕಿತ್ಸೆಯ ನಂತರ: ನೋವು, ಚಳಿ, ಆತಂಕದಿಂದಲೂ ಒತ್ತಡ ಏರುತ್ತದೆ. ಆದ್ದರಿಂದ ಇವರನ್ನು ನಿಗಾ ಘಟಕದಲ್ಲಿ ಇರಿಸಿಕೊಳ್ಳುವುದು ವಾಡಿಕೆ. ಬೇಗ ಮನೆಗೆ ಕಳುಹಿಸಿರೆಂದು ಬಂಧುಗಳು ಒತ್ತಾಯಿಸಬಾರದು. ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಬಳಸುವ ಮೆಥರ್ಜಿನ್ ಚುಚ್ಚುಮದ್ದು ಅಧಿಕ ರಕ್ತದೊತ್ತಡವುಳ್ಳವರಿಗೆ ಸಲ್ಲದು. ಕಾಯಿಲೆಯ ಹಿನ್ನೆಲೆ ಕಡತದಲ್ಲಿ ಇದ್ದರೆ ವೈದ್ಯರು ಬೇರೆ ಔಷಧ ಆಯ್ದುಕೊಳ್ಳುತ್ತಾರೆ.

5. ಗರ್ಭಿಣಿಯರ ವಿಷಯದಲ್ಲಿ ವಿಶೇಷ ಗಮನ

ತಕಾಯಾಸು ಕಾಯಿಲೆ ಇರುವ ಮಹಿಳೆ ತಾಯಿಯಾಗಬಾರದೆಂಬ ನಿಯಮವಿಲ್ಲ. ಕಾಯಿಲೆ ಹತೋಟಿಯಲ್ಲಿರುವಾಗ, ತಜ್ಞರ ಸಲಹೆಯೊಂದಿಗೆ ಗರ್ಭ ಧರಿಸಿ ಸುರಕ್ಷಿತವಾಗಿ ಹೆರಿಗೆಯಾದವರು ಅನೇಕರಿದ್ದಾರೆ. ಆದರೆ ಇದು ಗಂಡಾಂತರ ಗರ್ಭಾವಸ್ಥೆಯೆಂದು ಪರಿಗಣಿಸಬೇಕಾದ ಸ್ಥಿತಿ. ರಕ್ತದೊತ್ತಡದ ತೊಂದರೆ, ಗರ್ಭಸ್ಥ ಶಿಶುವಿನ ಬೆಳವಣಿಗೆ ಕುಂಠಿತವಾಗುವುದು, ಅವಧಿಪೂರ್ವ ಹೆರಿಗೆ ಇವು ಇಲ್ಲಿ ಹೆಚ್ಚು.

ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ನಂತಹ ಬಿ.ಪಿ. ಮಾತ್ರೆಗಳು ಹಾಗೂ ಉರಿಯೂತಕ್ಕೆ ಕೊಡುವ ಮೆಥೋಟ್ರೆಕ್ಸೇಟ್, ಮೈಕೋಫಿನೊಲೇಟ್ ಔಷಧಗಳು ಗರ್ಭಸ್ಥ ಶಿಶುವಿಗೆ ಹಾನಿಕರ. ಹೀಗಾಗಿ ಮಗು ಬೇಕೆಂದು ನಿರ್ಧರಿಸುವ ಮುನ್ನವೇ ವೈದ್ಯರನ್ನು ಕಂಡು ಔಷಧ ಬದಲಿಸಿಕೊಳ್ಳಬೇಕು. ಅಕ್ಕಪಕ್ಕದವರ ಮಾತು ಕೇಳಿ ಎಲ್ಲ ಮಾತ್ರೆಗಳನ್ನೂ ಒಮ್ಮೆಲೇ ಬಿಟ್ಟುಬಿಡುವುದು ಅಷ್ಟೇ ಅಪಾಯಕರ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಅಸಾಂಕ್ರಾಮಿಕ ರೋಗಗಳ ಸಾಮೂಹಿಕ ತಪಾಸಣೆ 30 ವರ್ಷ ಮೇಲ್ಪಟ್ಟವರಿಗೆ ನಡೆಯುತ್ತದೆ. ತಕಾಯಾಸು ಕಾಯಿಲೆಯ ಅನೇಕರು ಆ ವಯಸ್ಸಿಗಿಂತ ಚಿಕ್ಕವರು. ಆದ್ದರಿಂದ ಅವರ ಬಿ.ಪಿ. ಮೊದಲ ಬಾರಿಗೆ ದಾಖಲಾಗುವುದು ಪ್ರಸವಪೂರ್ವ ತಪಾಸಣೆಯಲ್ಲಿಯೇ ಇರಬಹುದು. ಆ ಮೊದಲ ಭೇಟಿಯಲ್ಲಿ ಎರಡೂ ಕೈಗಳ ನಾಡಿ ಮುಟ್ಟಿ ನೋಡಿ, ಎರಡೂ ತೋಳುಗಳ ಬಿ.ಪಿ. ಬರೆದುಕೊಂಡರೆ ಕಾಯಿಲೆಯ ಸುಳಿವು ಹೆರಿಗೆಗೆ ಹಲವು ತಿಂಗಳು ಮೊದಲೇ ಸಿಗುತ್ತದೆ. ಇದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚುವರಿ ಹಣವೂ ಬೇಡ. ಐದು ನಿಮಿಷದ ಸಮಯ ಸಾಕು.

ಮತ್ತೆ ಅಳೆದಾಗಲೂ ಎರಡು ತೋಳುಗಳ ಮೇಲಿನ ಅಂಕಿಯಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಯಂತ್ರ ಪದೇ ಪದೇ 'ಎರರ್' ತೋರಿಸಿದರೆ, ವೈದ್ಯಾಧಿಕಾರಿಗಳ ಬಳಿಗೆ ಕಳುಹಿಸಬೇಕು. ಇಂತಹ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರುತ್ತವೆ. ವ್ಯತ್ಯಾಸವಿದ್ದವರಿಗೆಲ್ಲ ಈ ಕಾಯಿಲೆಯಿದೆ ಎಂದು ಭಯಪಡಿಸಬಾರದು. ಅಂತೆಯೇ 'ಎರರ್' ಬಂದ ಕೂಡಲೇ ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿ, ಕಾಲಂನಲ್ಲಿ ಅಂದಾಜಿನ ಅಂಕಿ ಬರೆಯುವುದು ಸರ್ವಥಾ ಸಲ್ಲದು.

6. ಗ್ರಾಮ ಪಂಚಾಯತಿಯಿಂದ ಆಗಬಹುದಾದ ಕೆಲಸಗಳು

(1) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚಿಸುವುದು. ಮೊದಲ ಪ್ರಸವಪೂರ್ವ ತಪಾಸಣೆಯಲ್ಲಿ ಎರಡೂ ತೋಳುಗಳ ಬಿ.ಪಿ. ದಾಖಲಿಸುವ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಡನೆ ಸಮಾಲೋಚಿಸುವುದು.

(2) ಉಪಕೇಂದ್ರದ ಬಿ.ಪಿ. ಯಂತ್ರ ಸುಸ್ಥಿತಿಯಲ್ಲಿದೆಯೇ, ತೋಳಿನ ಗಾತ್ರಕ್ಕೆ ತಕ್ಕ ಪಟ್ಟಿಗಳಿವೆಯೇ, ಬ್ಯಾಟರಿ ಇದೆಯೇ ಎಂದು ವಿಚಾರಿಸುವುದು. ಕೊರತೆಯಿದ್ದರೆ ಸಮಿತಿಯ ಮುಕ್ತ ನಿಧಿಯನ್ನು ಮಾರ್ಗಸೂಚಿಗೆ ಒಳಪಟ್ಟು ಬಳಸುವ ಬಗ್ಗೆ ಪರಿಶೀಲಿಸುವುದು.

(3) ಪ್ರತಿ ತಿಂಗಳ 9ನೇ ದಿನಾಂಕದಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ತಪಾಸಣೆಗೆ ಗಂಡಾಂತರ ಗರ್ಭಿಣಿಯರು ತಪ್ಪದೆ ಹೋಗುವಂತೆ ನೋಡಿಕೊಳ್ಳುವುದು. ದೂರದ ತಾಂಡಾ, ಹಾಡಿ, ತೋಟದ ಮನೆಗಳಲ್ಲಿ ವಾಸಿಸುವವರಿಗೆ ವಾಹನದ ವ್ಯವಸ್ಥೆ ಇದೆಯೇ ಎಂದು ಆಯಾ ವಾರ್ಡಿನ ಸದಸ್ಯರು ವಿಚಾರಿಸುವುದು.

(4) ಹೆರಿಗೆ ಎಲ್ಲಿ ಎಂಬುದನ್ನು ಮುಂಚಿತವಾಗಿ ನಿರ್ಧರಿಸುವಂತೆ ಕುಟುಂಬದವರ ಮನವೊಲಿಸುವುದು. ಇಂತಹ ಹೆರಿಗೆಗೆ ಅರಿವಳಿಕೆ ತಜ್ಞರು, ಹೃದಯ ತಜ್ಞರು, ತೀವ್ರ ನಿಗಾ ಘಟಕ ಹಾಗೂ ರಕ್ತನಿಧಿ ಇರುವ ಆಸ್ಪತ್ರೆ ಅಗತ್ಯ. ನೋವು ಬಂದ ಮೇಲೆ ಆಸ್ಪತ್ರೆ ಹುಡುಕುವಂತಾಗಬಾರದು. ದಿನ ಸಮೀಪಿಸುವ ಮೊದಲೇ ಆಸ್ಪತ್ರೆಯ ಹತ್ತಿರ ತಂಗಲು ಸಾಧ್ಯವೇ ಎಂದು ವೈದ್ಯರೊಡನೆ ಮಾತನಾಡಬೇಕು. ತವರಿಗೆ ಹೆರಿಗೆಗೆ ಹೋಗುವ ಪದ್ಧತಿಯಿರುವುದರಿಂದ, ಆ ಊರಿನ ಆಶಾ ಕಾರ್ಯಕರ್ತೆಗೂ ಮಾಹಿತಿ ಮುಟ್ಟಿಸಬೇಕು.

(5) ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಹಾಗೂ ಶಿಫಾರಸು ಪತ್ರದ ಗೊಂದಲವನ್ನು ತುರ್ತು ಬರುವ ಮೊದಲೇ ಬಗೆಹರಿಸಿಕೊಡುವುದು.

7. ರೋಗಿಯ ಜೊತೆಗಿರಬೇಕಾದ ಮಾಹಿತಿ ಪತ್ರ

ಕಾಯಿಲೆ ದೃಢಪಟ್ಟ ವ್ಯಕ್ತಿಯ ಬಳಿ, ವೈದ್ಯರು ಬರೆದು ಸಹಿ ಮಾಡಿದ ಒಂದು ಪುಟದ ಪತ್ರ ಸದಾ ಇರಬೇಕು. ಗರ್ಭಿಣಿಯಾದರೆ ಅದನ್ನು ತಾಯಿ ಕಾರ್ಡಿಗೆ ಲಗತ್ತಿಸಬೇಕು. ಅದರಲ್ಲಿ ಇರಬೇಕಾದ ಅಂಶಗಳು:

(ಅ) ಕಾಯಿಲೆಯ ಹೆಸರು ಹಾಗೂ ಯಾವ ಯಾವ ರಕ್ತನಾಳಗಳು ಕಿರಿದಾಗಿವೆ.
(ಆ) ಬಿ.ಪಿ. ನೋಡಬೇಕಾದ ಅಂಗ, ನೋಡಬಾರದ ಅಂಗ, ಮತ್ತು ಆ ವ್ಯಕ್ತಿಯ ದಿನನಿತ್ಯದ ಬಿ.ಪಿ. ಮಟ್ಟ.
(ಇ) ಸೇವಿಸುತ್ತಿರುವ ಔಷಧಗಳು ಮತ್ತು ಪ್ರಮಾಣ. ಸ್ಟಿರಾಯ್ಡ್ ಹಾಗೂ ರಕ್ತ ತೆಳುವಾಗಿಸುವ ಔಷಧಗಳನ್ನು ಎದ್ದು ಕಾಣುವಂತೆ ಬರೆಯಬೇಕು.
(ಈ) ಹಿಂದೆ ಅರಿವಳಿಕೆ ಪಡೆದಿದ್ದರೆ ಅದರ ವಿವರ, ಒಗ್ಗದ ಔಷಧಗಳು.
(ಉ) ರಕ್ತದ ಗುಂಪು, ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆ ಹಾಗೂ ವೈದ್ಯರ ದೂರವಾಣಿ ಸಂಖ್ಯೆ.

108 ಆಂಬುಲೆನ್ಸ್ ಸಿಬ್ಬಂದಿಗೆ ಮೊದಲು ತೋರಿಸಬೇಕಾದದ್ದು ಈ ಪತ್ರವನ್ನೇ. ರೋಗಿಗೆ ಪ್ರಜ್ಞೆ ಇಲ್ಲದಿರಬಹುದು, ಜೊತೆಗೆ ಬಂದವರಿಗೆ ಗಾಬರಿಯಲ್ಲಿ ಹೇಳಲು ತೋಚದಿರಬಹುದು. ಆಗ ಅವರ ಪರವಾಗಿ ಮಾತನಾಡುವುದು ಈ ಪತ್ರವೊಂದೇ.

8. ಗೌಪ್ಯತೆ ಮತ್ತು ಗೌರವ

'ಕೈಯಲ್ಲಿ ನಾಡಿಯೇ ಇಲ್ಲವಂತೆ' ಎಂಬ ಮಾತು ಊರಿನಲ್ಲಿ ಹಬ್ಬಿದರೆ ಒಬ್ಬ ಹೆಣ್ಣುಮಗಳ ಮದುವೆಗೆ, ಸಂಸಾರಕ್ಕೆ ತೊಡಕಾಗಬಹುದು. ಆ ಭಯದಿಂದ ಕುಟುಂಬದವರು ಕಾಯಿಲೆಯನ್ನು ಮುಚ್ಚಿಟ್ಟು, ಹೆರಿಗೆಯ ಸಮಯದಲ್ಲಿ ವೈದ್ಯರಿಗೂ ಹೇಳದೆ ಹೋದರೆ ಪ್ರಾಣಕ್ಕೇ ಅಪಾಯ. ಆದುದರಿಂದ ರೋಗಿಯ ಹೆಸರನ್ನು ಗ್ರಾಮ ಸಭೆಯಲ್ಲಾಗಲಿ, ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ, ಸೂಚನಾ ಫಲಕದಲ್ಲಾಗಲಿ ಪ್ರಕಟಿಸಕೂಡದು. ಮಾಹಿತಿ ಇರಬೇಕಾದದ್ದು ರೋಗಿ, ಆಕೆ ಒಪ್ಪಿದ ಕುಟುಂಬದವರು ಹಾಗೂ ಆರೋಗ್ಯ ಸಿಬ್ಬಂದಿಯ ನಡುವೆ ಮಾತ್ರ. ಸದಸ್ಯರು ಊರಿನ ಮುಂದೆ ಮಾತನಾಡುವಾಗ ಕಾಯಿಲೆಯ ಬಗ್ಗೆ ಮಾತನಾಡಬಹುದು, ವ್ಯಕ್ತಿಯ ಬಗ್ಗೆ ಕೂಡದು.

9. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಮ್ಮ ಪಂಚಾಯತಿ ವ್ಯಾಪ್ತಿಯ ಉಪಕೇಂದ್ರಗಳಲ್ಲಿ ಗರ್ಭಿಣಿಯರ ಬಿ.ಪಿ.ಯನ್ನು ಒಂದು ತೋಳಿನಲ್ಲಿ ನೋಡಲಾಗುತ್ತಿದೆಯೇ, ಎರಡರಲ್ಲಿಯೇ?
(2) ಯಂತ್ರ 'ಎರರ್' ತೋರಿಸಿದಾಗ ನಮ್ಮ ಸಿಬ್ಬಂದಿ ಏನು ಮಾಡುತ್ತಾರೆ?
(3) ಅರಿವಳಿಕೆ ತಜ್ಞರು ಹಗಲು ರಾತ್ರಿ ಲಭ್ಯವಿರುವ ಅತಿ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ನಮ್ಮ ಅತಿ ದೂರದ ಜನವಸತಿಯಿಂದ ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕು?
(4) ದೀರ್ಘಕಾಲದ ಕಾಯಿಲೆಗೆ ಔಷಧ ಸೇವಿಸುತ್ತಿರುವ ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ಆ ವಿವರ ದಾಖಲಾಗಿದೆಯೇ?

ಸಾರಾಂಶ

ತಕಾಯಾಸು ಕಾಯಿಲೆಯ ರೋಗಿಗಳು ಒಂದು ಪಂಚಾಯತಿಯಲ್ಲಿ ಒಬ್ಬರಿರಬಹುದು, ಒಬ್ಬರೂ ಇಲ್ಲದಿರಬಹುದು. ಆದರೆ ಅವರಿಗಾಗಿ ರೂಢಿಸಿಕೊಳ್ಳುವ ಅಭ್ಯಾಸಗಳು, ಅಂದರೆ ಎರಡೂ ತೋಳುಗಳ ಬಿ.ಪಿ. ಬರೆಯುವುದು, ಔಷಧದ ವಿವರ ಜೊತೆಗಿರಿಸುವುದು, ಹೆರಿಗೆಯ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡುವುದು, ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ರಕ್ತದೊತ್ತಡವಿರುವ ಎಲ್ಲ ಗರ್ಭಿಣಿಯರಿಗೂ ಉಪಕಾರಿ. ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಂಡು, ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ ಚರ್ಚಿಸಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.